ಹಲಗಿ ಸೇವೆ ಅಲ್ಲ, ದುಡಿಮೆ



ನಮ್ಮ ಮಂಗಸೂಳಿ ಖಂಡೋಬಾನ ಭಂಡಾರಕ್ಕ ಹೆಸರಾದ ಊರು. ಈ ಭಾಗದಾಗ ಹಲಗಿ ಇಲ್ಲದ ಜಾತ್ರಿ ಇಲ್ಲ. ಹಲಗಿ ಬಾರಿಸಾವ್ರ ಹೊಟ್ಟಿ ಕೇಳಾವ್ರೂ ಇಲ್ಲ.

ನಮ್ಮ ಕಾಕಾನ ಎರಡು ದಿನದ ಕತಿ ಕೇಳ್ರಿ. ಶನಿವಾರ ಬ್ಯಾರೆ ಒಂದೂರಿನ ಜಾತ್ರಿ. ಸಂಜಿಗೆ ಬೆಂಕಿಗೆ ಹಲಗಿ ಕಾಸಿ ಹಿಡದ್ರ ಪಲ್ಲಕ್ಕಿ ಗುಡಿ ಸೇರೂತನಾ ಬಾರಿಸಬೇಕು. ಬೆಳಗಿನ ಜಾವ ಕೈಗೆ ಬಂದದ್ದು ಒಂದು ತೆಂಗಿನಕಾಯಿ, 50 ರೂಪಾಯಿ. ಡಿಜೆಗೆ ಮಾತ್ರ ಮುಂಗಡ ಕೊಟ್ಟು ಕರೆಸಿದ್ರು. ಕಾಕಾ ಕೇಳಿದ್ದಕ್ಕ, "ನಿಮ್ಮದು ದೇವರ ಸೇವಾ ಅಲ್ಲೇನೋ?" ಅಂದ್ರು.

ಭಾನುವಾರ ಮಿರಜ ಕಡೆ ಮದುವಿ ವರಾತ. ಮೊದಲೇ ರೇಟು ಮಾತಾಡಿದ್ದ, ಆಳಿಗೆ 800 ಎಣಿಸಿ ಕೊಟ್ರು. ಅದೇ ಕೈ, ಅದೇ ಹಲಗಿ! ಜಾತ್ರಿಯಾಗ ಮಾತ್ರ ಅದು ಸೇವೆ ಹೆಂಗಾತು?

ಜಾತಿಯಿಂದ. ಇಂಥ ಜಾತಿಯಲ್ಲಿ ಹುಟ್ಟಿದ್ದಕ್ಕೇ ಕೂಲಿಯಿಲ್ಲದೆ, ಇಲ್ಲವೇ ನೆಪಮಾತ್ರದ ಕೂಲಿಗೆ ದುಡಿಸುವುದನ್ನೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತ ಅಂತಲೇ ಕರೆಯುತ್ತದೆ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿ ನಿಷೇಧಿಸಿದೆ. 1928ರಲ್ಲೇ ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ ಮಹಾರ್ ವತನದ ಮಸೂದೆ ಮಂಡಿಸಿದ್ದು ಇಂಥ ಚಾಕರಿಯ ವಿರುದ್ಧವೇ.

ಅಮೆರಿಕದ ಹತ್ತಿ ಹೊಲದಾಗ ದುಡಿದ ಕರಿಯರ ನೋವಿನ ಬ್ಲೂಸ್‌ನ್ನ ಕ್ಲಬ್ಬಿನ್ಯಾಗ ಟಿಕೆಟ್ ತಗೊಂಡು ಕೇಳ್ತೀರಿ. ನಮ್ಮ ಹಲಗಿ ಪುಕ್ಕಟೆ ಬೇಕಾ?

ಇನ್ನ ಮ್ಯಾಲೆ ಮೊದಲು ರೇಟು, ಆಮ್ಯಾಲೆ ಹಲಗಿ ಕಾಸೂದು. ಕೊಡಲಿಲ್ಲಂದ್ರ ಪಲ್ಲಕ್ಕಿ ಸಪ್ಪಳಿಲ್ಲದ ಹೋಗಲಿ.