ಕಾರಿನ ರಾಜ್ಯದಲ್ಲಿ ಒಂದು ಸೈಕಲ್ ದ್ವೀಪ

ಗಾಡಿ ಬಾರದ ಕಡೆ ಗಿರಾಕಿ ಬರುವುದಿಲ್ಲ. ಬಜಾರಿನಲ್ಲಿ ಇದು ಎಲ್ಲರೂ ಹೇಳುವ ಮಾತು. ನಮ್ಮ ಅಬ್ಬಾ ಅವರದು ಬಜಾರಿನಲ್ಲಿ ಒಂದು ಚಪ್ಪಲಿ ಅಂಗಡಿ. ಅವರೂ ಇದನ್ನೇ ಹೇಳುತ್ತಾರೆ. ಕಾಮರ್ಸ್ ಓದುತ್ತಿರುವ ನನಗೆ ಈ ಮಾತನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕೆನಿಸಿತು. ಅದಕ್ಕೆ ಸರಿಯಾದ ಉದಾಹರಣೆ ಅಮೆರಿಕದ ಒಂದು ಪುಟ್ಟ ದ್ವೀಪದಲ್ಲಿದೆ.

ಅದರ ಹೆಸರು ಮ್ಯಾಕಿನಾ. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯಲ್ಲಿ ‘ಸಿ’ ಇದೆ, ಹೇಳುವಾಗ ಇಲ್ಲ. ಮಿಶಿಗನ್ ರಾಜ್ಯದ ಹ್ಯೂರಾನ್ ಸರೋವರದಲ್ಲಿರುವ ಈ ದ್ವೀಪದ ವಿಸ್ತೀರ್ಣ ಸುಮಾರು 10 ಚದರ ಕಿಲೋಮೀಟರ್. ವರ್ಷವಿಡೀ ವಾಸಿಸುವವರು ಕೆಲವೇ ನೂರು ಜನ. ಫೋರ್ಡ್, ಜನರಲ್ ಮೋಟರ್ಸ್ ಕಂಪನಿಗಳು ಬೆಳೆದದ್ದು ಇದೇ ರಾಜ್ಯದಲ್ಲಿ. ಆದರೆ ಈ ದ್ವೀಪದಲ್ಲಿ ಮೋಟಾರು ವಾಹನಗಳಿಗೆ 1898ರಿಂದಲೇ ನಿಷೇಧ. ಹೆನ್ರಿ ಫೋರ್ಡ್ ತಮ್ಮ ಕಂಪನಿ ಕಟ್ಟಿದ್ದು 1903ರಲ್ಲಿ. ಅದಕ್ಕೂ ಐದು ವರ್ಷ ಮೊದಲೇ ಮ್ಯಾಕಿನಾ ಕಾರನ್ನು ಬೇಡ ಎಂದಿತ್ತು.

ಡೆಟ್ರಾಯಿಟ್ ಹತ್ತಿರ ಕೆಲಸದಲ್ಲಿರುವ ನನ್ನ ಖಾಲಾ ಅವರ ಮಗ ಕಳೆದ ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದರು. ಮೇ ಎಂದರೆ ನಮಗೆ ಬೆವರು, ಮಾವಿನಹಣ್ಣು, ಕರೆಂಟಿಲ್ಲದ ಮಧ್ಯಾಹ್ನ. ಅಲ್ಲಿ ಅದು ವಸಂತ. ಸ್ವೆಟರ್ ಹಾಕಿಕೊಂಡೇ ಸೈಕಲ್ ಹತ್ತಿದೆ ಎಂದರು ಭಾಯಿ. ಫೆರಿ ದೋಣಿಯಲ್ಲಿ ಸುಮಾರು ಇಪ್ಪತ್ತು ನಿಮಿಷದ ಪ್ರಯಾಣ. ಇಳಿದ ಕೂಡಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ದಡದ ಉದ್ದಕ್ಕೂ ದ್ವೀಪವನ್ನು ಸುತ್ತುವ ಸುಮಾರು 13 ಕಿಲೋಮೀಟರ್ ರಸ್ತೆಯ ಹೆಸರು ಎಂ-185. ಅದು ರಾಜ್ಯ ಹೆದ್ದಾರಿ. ಆದರೆ ಅದರ ಮೇಲೆ ಓಡುವುದು ಸೈಕಲ್ ಮತ್ತು ಕುದುರೆಗಾಡಿ. ಒಂದು ಕಡೆ ಕನ್ನಡಿಯಂಥ ನೀರು, ಇನ್ನೊಂದು ಕಡೆ ಈಗಷ್ಟೇ ಚಿಗುರುತ್ತಿರುವ ಕಾಡು. ಪೂರ್ವಕ್ಕೆ ಹೊರಟರೆ ಮೊದಲು ಸಿಗುವುದು ಆರ್ಚ್ ರಾಕ್ ಎಂಬ ಸುಣ್ಣಕಲ್ಲಿನ ಕಮಾನು. ಅರ್ಧ ದಾರಿಯಲ್ಲಿ ಬ್ರಿಟಿಷ್ ಲ್ಯಾಂಡಿಂಗ್. 1812ರಲ್ಲಿ ಬ್ರಿಟಿಷ್ ಸೈನಿಕರು ಇಳಿದು ಕೋಟೆಯನ್ನು ಹಿಡಿದದ್ದು ಇಲ್ಲಿಂದಲೇ. “ಹಿಂದಿನಿಂದ ಹಾರ್ನ್ ಬರುತ್ತದೆ ಅಂತ ನನ್ನ ಕಿವಿ ಕಾಯ್ತಾನೇ ಇತ್ತು, ಬರಲೇ ಇಲ್ಲ” ಎಂದು ಭಾಯಿ ಫೋನಿನಲ್ಲಿ ನಕ್ಕರು.

ಈಗ ಲೆಕ್ಕಕ್ಕೆ ಬರೋಣ. ಈ ನಿಷೇಧವನ್ನು ಕೇಳಿದವರು ಯಾರು ಗೊತ್ತೇ? ಅಲ್ಲಿನ ಕುದುರೆಗಾಡಿಯವರು. ಮೋಟಾರಿನ ಸದ್ದಿಗೆ ಕುದುರೆಗಳು ಬೆದರುತ್ತವೆ ಎಂಬುದು ಅವರ ದೂರಾಗಿತ್ತು. ಆಗಲೇ ಅದು ಪ್ರವಾಸಿಗಳ ಊರು. 1887ರಲ್ಲಿ ತೆರೆದ ಗ್ರ್ಯಾಂಡ್ ಹೋಟೆಲನ್ನು ಕಟ್ಟಿಸಿದವರು ರೈಲು ಮತ್ತು ಹಡಗು ಕಂಪನಿಗಳವರು. ವ್ಯಾಪಾರವೇ ಉಸಿರಾಗಿದ್ದ ಊರು ಕಾರನ್ನು ಹೊರಗಿಟ್ಟಿತು. ಅದರಿಂದ ವ್ಯಾಪಾರ ಮುಳುಗಲಿಲ್ಲ. ಆ ಹೋಟೆಲ್ ಇಂದಿಗೂ ನಡೆಯುತ್ತಿದೆ. ಸಕ್ಕರೆ, ಬೆಣ್ಣೆ, ಹಾಲಿನಿಂದ ಮಾಡುವ ಫಡ್ಜ್ ಎಂಬ ಮಿಠಾಯಿ ಅಲ್ಲಿ ಎಷ್ಟು ಮಾರಾಟವಾಗುತ್ತದೆಂದರೆ, ಪ್ರವಾಸಿಗಳಿಗೇ ‘ಫಡ್ಜೀಸ್’ ಎಂಬ ಅಡ್ಡಹೆಸರು ಬಿದ್ದಿದೆ. ಕಾರಣ ಸರಳ. ಕಾರಿನಲ್ಲಿ ಹೋಗುವವನು ಅಂಗಡಿಯ ಬೋರ್ಡನ್ನಷ್ಟೇ ನೋಡುತ್ತಾನೆ. ನಡೆಯುವವನ ಮೂಗಿಗೆ ಮಿಠಾಯಿಯ ಪರಿಮಳ ಬಡಿಯುತ್ತದೆ, ಕಾಲು ನಿಲ್ಲುತ್ತದೆ, ಕೈ ಜೇಬಿಗೆ ಹೋಗುತ್ತದೆ.

ಇದನ್ನು ಅಬ್ಬಾ ಅವರ ಮುಂದೆ ಹೇಳಿದಾಗ ಅವರು ಕೇಳಿದ ಪ್ರಶ್ನೆ ನ್ಯಾಯವಾಗಿತ್ತು: “ಸರಿ, ಮೂಟೆ ಹೊರುವವರು ಯಾರು?” ಅಲ್ಲಿ ಸಾಮಾನು, ಪಾರ್ಸಲ್, ಕಸ ಎಲ್ಲವನ್ನೂ ಕುದುರೆಗಳೇ ಎಳೆಯುತ್ತವೆ. ಬೇಸಿಗೆಯಲ್ಲಿ ಐನೂರಕ್ಕೂ ಹೆಚ್ಚು ಕುದುರೆಗಳಿರುತ್ತವೆ; ಚಳಿಗಾಲಕ್ಕೆ ಹೆಚ್ಚಿನವನ್ನು ದ್ವೀಪದಿಂದ ಹೊರಗೆ ಕಳಿಸಿ ವಸಂತದಲ್ಲಿ ಮತ್ತೆ ತರುತ್ತಾರೆ. ಕಾರಿಲ್ಲ ಎಂದ ಮಾತ್ರಕ್ಕೆ ಭಾರ ಮಾಯವಾಗುವುದಿಲ್ಲ, ಯಾರದೋ ಬೆನ್ನಿಗೆ ಹೋಗುತ್ತದೆ. ಇಸ್ತಾಂಬುಲ್ ಬಳಿಯ ಬ್ಯುಕ್ ಅದಾ ದ್ವೀಪದಲ್ಲೂ ಖಾಸಗಿ ಕಾರುಗಳಿಲ್ಲ. ಆದರೆ ಅಲ್ಲಿ ಗಾಡಿ ಎಳೆಯುತ್ತಿದ್ದ ಕುದುರೆಗಳ ಸ್ಥಿತಿ ಕಂಡು ಜನ ಪ್ರತಿಭಟಿಸಿದರು. 2020ರಲ್ಲಿ ಕುದುರೆಗಾಡಿಗಳು ನಿಂತು ಬ್ಯಾಟರಿ ವಾಹನಗಳು ಬಂದವು. ಹಾಗಾಗಿ ‘ಎಲ್ಲ ಗಾಡಿಯೂ ಕೆಟ್ಟದ್ದು’ ಎಂದು ನಾನು ಹೇಳುವುದಿಲ್ಲ. ಮ್ಯಾಕಿನಾದಲ್ಲೂ ಆಂಬುಲೆನ್ಸ್ ಇದೆ, ಅಗ್ನಿಶಾಮಕ ವಾಹನ ಇದೆ, ಹಿಮ ಬಿದ್ದಾಗ ಹಿಮಗಾಡಿಗಳಿಗೆ ಅನುಮತಿಯೂ ಇದೆ. ಅಗತ್ಯ ಯಾವುದು, ಅಭ್ಯಾಸ ಯಾವುದು ಎಂದು ಕುಳಿತು ವಿಂಗಡಿಸಿದ್ದಾರೆ. ನಾವು ಆ ವಿಂಗಡಣೆಯನ್ನೇ ಮಾಡಿಲ್ಲ.

ನಮ್ಮ ಕಾಲೇಜಿನ ಗಲ್ಲಿಯನ್ನೇ ನೋಡಿ. ಮುಖ್ಯರಸ್ತೆಯಿಂದ ಗೇಟಿನವರೆಗೆ ನಡೆದರೆ ಐದು ನಿಮಿಷ. ಬೆಲ್ ಹೊಡೆಯುವ ಹೊತ್ತಿಗೆ ಅಲ್ಲಿ ಬೈಕು, ಸ್ಕೂಟಿ, ಆಟೋ, ಕಾರು ಎಲ್ಲವೂ ಒಂದೇ ಸಲ ನುಗ್ಗುತ್ತವೆ. ನಡೆದು ಬರುವವರು, ಅದರಲ್ಲೂ ಹುಡುಗಿಯರು, ಚರಂಡಿಯ ಅಂಚಿಗೆ ಸರಿದು ನಿಲ್ಲಬೇಕು. ಬೈಕಿನಲ್ಲಿ ಬರುವ ನಮ್ಮಲ್ಲಿ ಹಲವರಿಗೆ ಹದಿನೆಂಟು ತುಂಬಿಲ್ಲ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಇಪ್ಪತ್ತೈದು ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಎಷ್ಟು ಮನೆಗಳಲ್ಲಿ ಇಷ್ಟು ಹಣ ಒಟ್ಟಿಗೆ ಇರುತ್ತದೆ?

ನಾನು ಬರುವುದು ಸೈಕಲ್ಲಿನಲ್ಲಿ. ನಮ್ಮ ಆಪಾ ಎಂಟನೇ ತರಗತಿಯಲ್ಲಿದ್ದಾಗ ಸರಕಾರಿ ಶಾಲೆಯಲ್ಲಿ ಕೊಟ್ಟ ಸೈಕಲ್ ಅದು. ಚೈನು ಎರಡು ಸಲ ಬದಲಾಗಿದೆ, ಪೆಟ್ರೋಲಿನ ಖರ್ಚು ಸೊನ್ನೆ. “ಇನ್ನೂ ಸೈಕಲ್ಲಾ?” ಎಂದು ಕೇಳುವ ಗೆಳೆಯರಿದ್ದಾರೆ. ಸಾವಿರಾರು ಮೈಲಿ ದೂರದ ದ್ವೀಪದಲ್ಲಿ ಜನ ದುಡ್ಡು ಕೊಟ್ಟು ಸೈಕಲ್ ತುಳಿಯಲು ಹೋಗುತ್ತಾರೆ ಎಂದು ಅವರಿಗೆ ತಿಳಿಸಿದ್ದೇನೆ.

ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಯಲ್ಲಿ ನನ್ನ ಮನವಿ ಇಷ್ಟೇ. ಬೆಳಗ್ಗೆ ಬೆಲ್‌ಗೆ ಮುಂಚೆ ಅರ್ಧ ಗಂಟೆ, ಸಂಜೆ ಬಿಟ್ಟ ಮೇಲೆ ಅರ್ಧ ಗಂಟೆ ಈ ಗಲ್ಲಿಗೆ ಮೋಟಾರು ವಾಹನ ಬೇಡ. ಆಂಬುಲೆನ್ಸಿಗೆ, ನಡೆಯಲಾಗದವರನ್ನು ತರುವ ಆಟೋಗೆ ದಾರಿ ಇರಲಿ. ಗಲ್ಲಿಯ ಅಂಗಡಿಯವರನ್ನೂ ಪುರಸಭೆಯವರನ್ನೂ ಕರೆದು ಮಾತಾಡೋಣ. ಮೊದಲು ಒಂದು ತಿಂಗಳು ಮಾಡಿ ನೋಡೋಣ. ಆ ತಿಂಗಳು ಅಂಗಡಿಗಳ ದಿನದ ವ್ಯಾಪಾರವನ್ನು ಬರೆದಿಡುವ ಕೆಲಸ ನಮ್ಮ ಕಾಮರ್ಸ್ ತರಗತಿಗೆ ಕೊಡಿ. ಗಿರಾಕಿ ಕಡಿಮೆಯಾದರೆ ಆ ಅಂಕಿಯನ್ನೂ ಇದೇ ಪತ್ರಿಕೆಯಲ್ಲಿ ಅಚ್ಚು ಹಾಕೋಣ. ಮತ್ತೊಂದು ಮಾತು: ಬೈಕುಗಳಿಗೆ ತಗಡಿನ ಶೆಡ್ ಇದೆ, ಸೈಕಲ್‌ಗಳಿಗೆ ಬೇವಿನ ಮರವೊಂದೇ. ಮಳೆಗಾಲಕ್ಕೆ ಮುಂಚೆ ಆ ಶೆಡ್ಡಿನಲ್ಲಿ ಸೈಕಲ್‌ಗಳಿಗೂ ಒಂದು ಸಾಲು ಸಿಗಲಿ.