ಬಿಡುವಿನ ವೇಳೆ: ಕೆತ್ತನೆಗೆ ಮೂರೇ ಸಾಧನ

ಬೆಟ್ಟ ಹತ್ತಲು ಹೊರಟವರ ಬೆನ್ನಚೀಲಕ್ಕೆ ಬಾಯಿ ಬಂದರೆ, ಅದು ಮೊದಲು ತನ್ನೊಳಗಿನ ಅನಾವಶ್ಯಕ ವಸ್ತುಗಳ ಮೇಲೆ ದೂರು ಹೇಳೀತು. ಮರಗೆತ್ತನೆಯ ಹವ್ಯಾಸವುಳ್ಳವರ ಚೀಲದ ಗೋಳಂತೂ ಹೇಳತೀರದು. ನಾಲ್ಕು ಉಳಿ, ಒಂದು ಬಾಚಿ, ಕೊಡತಿ, ಸಾಣೆಕಲ್ಲು: ಮನೆಯ ಜಗಲಿಯಲ್ಲಿ ಶೋಭಿಸುವ ಈ ಪರಿವಾರ ಸಾವನದುರ್ಗದ ಏರಿನಲ್ಲಿ ಬರಿಯ ಭಾರ.

ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ಸಮಾಧಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವುದು 2015ರಲ್ಲಿ ಬೆಳಕಿಗೆ ಬಂದಿತು. ಅಂದಿನಿಂದ ಆ ಪುಟ್ಟ ಗ್ರಾಮದ ಹೆಸರು ದೂರದವರಿಗೂ ಪರಿಚಿತವಾಯಿತು. ಸಮಾಧಿಯನ್ನು ಕಂಡು, ಬುತ್ತಿ ಬಿಚ್ಚಿ ಉಂಡ ಮೇಲೆ, ನೆರಳಿನಲ್ಲಿ ದೊರೆಯುವ ಒಂದು ಗಂಟೆಯ ವಿರಾಮ ಕೆತ್ತನೆಗೆ ಪ್ರಶಸ್ತವಾದದ್ದು. ಆ ಒಂದು ಗಂಟೆಗೆ ಎಷ್ಟು ಆಯುಧ ಬೇಕು?

ಉತ್ತರವನ್ನು ಅದೇ ಸೀಮೆಯ ಚನ್ನಪಟ್ಟಣದ ಕುಶಲಕರ್ಮಿಗಳು ಕೊಟ್ಟಿದ್ದಾರೆ. ಅವರ ಬೊಂಬೆಯ ಅಂದದ ಮೊದಲ ಗುಟ್ಟು ಹಾಲೆಮರ. ಅದು ಬಿಳುಪು, ಮೃದು. ನಾರು ಒತ್ತಾಗಿರುವುದರಿಂದ ಉಳಿಗೆ ಸುಲಭವಾಗಿ ಒಲಿಯುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನೊತ್ತಿದರೆ ಉಜ್ಜಿನ ಶಾಖಕ್ಕೇ ಅರಗು ಕರಗಿ ಹತ್ತುತ್ತದೆ. ಅದಕ್ಕೆ ಹೊಳಪು ತರುವುದು ತಾಳೆಗರಿ. ಅವರ ತಿರುಗುಯಂತ್ರವನ್ನು ಬೆನ್ನ ಮೇಲೆ ಹೊರುವಂತಿಲ್ಲ; ಅವರ ವಿವೇಕವನ್ನು ಹೊರಬಹುದು. ಮರ ಮೃದುವಾಗಿದ್ದರೆ ಆಯುಧಗಳ ಸಂಖ್ಯೆ ತಾನಾಗಿಯೇ ಇಳಿಯುತ್ತದೆ.

ಪ್ರವಾಸಿಗೆ ಮೂರೇ ಸಾಧನ ಸಾಕು. ಮೊದಲನೆಯದು ನೇರ ಅಲಗಿನ ಚಾಕು. ಅಲಗು ಮೂರು ಅಂಗುಲ ಮೀರಬೇಕಿಲ್ಲ. ಹಿಡಿ ಮಾತ್ರ ಅಂಗೈ ತುಂಬಬೇಕು. ಮಡಿಸುವ ಚಾಕು ಹಗುರವೆನಿಸಿದರೂ, ಅಲಗನ್ನು ಬಿಗಿಹಿಡಿಯುವ ಕೀಲಿಲ್ಲದಿದ್ದರೆ ಒತ್ತಿದಾಗ ಬೆರಳ ಮೇಲೆಯೇ ಮುಚ್ಚಿಕೊಂಡೀತು. ಚರ್ಮದ ಒರೆಯುಳ್ಳ, ಮಡಿಸದ ಚಾಕುವೇ ಮೇಲು. ಎರಡನೆಯದು ಕೊಕ್ಕೆಯಂತೆ ಬಾಗಿದ ಅಲಗಿನ ಚಾಕು. ಚಮಚದ ಗುಳಿ ತೋಡಲು ಇದು ಬೇಕು. ಆನೆ, ಗಿಳಿಗಳಷ್ಟನ್ನೇ ಕೆತ್ತುವವರು ಇದನ್ನು ಮನೆಯಲ್ಲಿಯೇ ಬಿಡಬಹುದು. ಮೂರನೆಯದು ಆಯುಧವೇ ಅಲ್ಲ: ತೆಳುವಾದ ಹಲಗೆಗೆ ಅಂಟಿಸಿದ ಹಳೆಯ ಬೆಲ್ಟಿನ ತುಂಡು. ಆಗಾಗ್ಗೆ ಅಲಗಿನ ಬೆನ್ನು ಮುಂದಾಗಿ ಅದರ ಮೇಲೆ ಎಳೆದರೆ ಹರಿತ ನಿಲ್ಲುತ್ತದೆ, ಸಾಣೆಕಲ್ಲಿನ ಭಾರವೂ ತಪ್ಪುತ್ತದೆ.

ಹರಿತವಾದ ಚಾಕು ಅಪಾಯಕಾರಿಯೆಂಬುದು ಅರ್ಧ ಸತ್ಯ. ಮೊಂಡಾದುದೇ ಹೆಚ್ಚು ಅಪಾಯಕಾರಿ; ಅದು ಬಲವನ್ನು ಬೇಡುತ್ತದೆ, ಬಲ ಹಾಕಿದಾಗ ಜಾರುತ್ತದೆ. ಮರದ ತುಂಡನ್ನು ತೊಡೆಯ ಮೇಲಿಟ್ಟು ಎಂದಿಗೂ ಕೆತ್ತಬಾರದು. ಒಳತೊಡೆಯಲ್ಲಿ ದೊಡ್ಡ ರಕ್ತನಾಳವಿದೆ; ಅದು ಕಡಿದರೆ ಬೆಟ್ಟದ ಮೇಲೆ ವೈದ್ಯರನ್ನು ಹುಡುಕುವಷ್ಟು ಸಮಯವಿರುವುದಿಲ್ಲ. ಮುಂದಕ್ಕೆ ಬಾಗಿ, ಮೊಣಕೈಗಳನ್ನು ಮೊಣಕಾಲುಗಳ ಮೇಲೂರಿ, ತುಂಡನ್ನು ಮೊಣಕಾಲಿನಿಂದಾಚೆ ಹಿಡಿದು, ಅಲಗನ್ನು ಹೊರಮುಖವಾಗಿ ನೂಕುವುದು ಕ್ಷೇಮಕರ. ಕೈಚಾಚಿದಷ್ಟು ದೂರದೊಳಗೆ ಮಕ್ಕಳು ಸುಳಿಯಬಾರದು. ಶುದ್ಧವಾದ ಬಟ್ಟೆಯ ಪಟ್ಟಿ ಚೀಲದಲ್ಲಿರಲಿ.

ಇನ್ನು ಮರವೆಲ್ಲಿಂದ? ಮನೆಯಿಂದಲೇ. ಅಂಗೈಯಗಲದ ಒಂದು ಒಣ ತುಂಡು ಸಾಕು. ಸಾವನದುರ್ಗ ಕಾಯ್ದಿಟ್ಟ ಕಾಡು. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ವನ್ಯಧಾಮ. ಅಲ್ಲಿ ಕೊಂಬೆ ಕಡಿಯುವುದು ಅಪರಾಧ. ಚಾಕು ಕೈಗೆ ಬಂದೊಡನೆ ಮರದ ತೊಗಟೆಯ ಮೇಲೆ, ಗುಡಿಯ ಗೋಡೆಯ ಮೇಲೆ ಹೆಸರು ಕೊರೆಯಬೇಕೆನ್ನುವ ಚಪಲ ಕೆಲವರಿಗುಂಟು. ಕೆಂಪಾಪುರದ ಕಲ್ಲುಗಳ ಮೇಲೆ ಉಳಿಯಬೇಕಾದ ಹೆಸರು ಆಗಲೇ ಉಳಿದಿದೆ. ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಸ್ಥಳವಿಲ್ಲ.

ಚಕ್ಕೆಗಳನ್ನು ಆಯ್ದು ಚೀಲಕ್ಕೆ ತುಂಬಿ, ಅಲಗಿಗೆ ತೊಟ್ಟು ಎಣ್ಣೆ ಸವರಿ ಒರೆಗೆ ಸೇರಿಸಿದರೆ ಕೆಲಸ ಮುಗಿಯಿತು. ಹೋಗುವಾಗ ಮರದ ತುಂಡಾಗಿದ್ದುದು ಬರುವಾಗ ಉಪ್ಪಿನ ಡಬ್ಬಿಯ ಚಮಚವಾಗಿದ್ದರೆ, ಆ ಪ್ರವಾಸವನ್ನು ಮನೆಮಂದಿ ದಿನವೂ ಊಟದ ಹೊತ್ತಿನಲ್ಲಿ ನೆನೆದಾರು.