ವಿಮಾನದ ಒಳ್ಳೆಯ ಸೀಟು ಯಾರಿಗೆ?

ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುವ ವಿದ್ಯೆಯನ್ನು ಊರಿನ ಬಸ್ ನಿಲ್ದಾಣದಲ್ಲೇ ಕಲಿತು ಬಂದವರು ಮುಂಬಯಿಯ ಹಿರಿಯ ಕನ್ನಡಿಗರು. ಊರಿಗೆ ಹೋಗಬೇಕೆಂದರೆ ಅವರಿಗೆ ಬಸ್ಸೇ ಗತಿಯಾಗಿದ್ದ ಕಾಲವೊಂದಿತ್ತು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಒಂದು ರಾತ್ರಿ ಮಲಗಿ ಎದ್ದರೆ ಕರಾವಳಿ ಸಿಗುವಂತಾಯಿತು. ಈಗ ಊರಿನ ಬ್ರಹ್ಮಕಲಶವಿರಲಿ, ಮದುವೆಯಿರಲಿ, ಉತ್ತರಕ್ರಿಯೆಯಿರಲಿ, ಬೆಳಿಗ್ಗೆ ಹೋಗಿ ಸಂಜೆ ಮರಳುವವರೂ ಇದ್ದಾರೆ. ಪ್ರಯಾಣ ಬದಲಾಯಿತು, ಆದರೆ ಸೀಟಿನ ಚಿಂತೆ ಬದಲಾಗಲಿಲ್ಲ. ಟವೆಲಿನ ಜಾಗಕ್ಕೆ ಮೊಬೈಲಿನ ಪರದೆ ಬಂದಿದೆ, ಅಷ್ಟೇ. ಅದರಲ್ಲಿ ಬಣ್ಣಬಣ್ಣದ ಚೌಕಗಳು, ಒಂದೊಂದು ಬಣ್ಣಕ್ಕೆ ಒಂದೊಂದು ದರ.

ಇತ್ತೀಚೆಗೆ ಅನೇಕ ಮನೆಗಳಲ್ಲಿ ನಡೆಯುವುದು ಹೀಗೆ. ಡೊಂಬಿವಲಿಯಲ್ಲೋ ಮೀರಾರೋಡಿನಲ್ಲೋ ಇರುವ ಮಗ, ತಂದೆತಾಯಿಗೆ ಮಂಗಳೂರಿನ ಟಿಕೆಟು ತೆಗೆಯುತ್ತಾನೆ. ಹಣಕ್ಕೆ ಹಿಂದೆಮುಂದೆ ನೋಡುವವನಲ್ಲ. ಆದರೆ ಸೀಟಿನ ಪುಟ ಬಂದಾಗ, ಒಂದೂವರೆ ಗಂಟೆಯ ದಾರಿಗೆ ಇದೆಲ್ಲ ಯಾಕೆ ಎಂದು ಆ ಪುಟವನ್ನು ದಾಟಿಸಿಬಿಡುತ್ತಾನೆ. ಹೊರಡುವ ದಿನ ತಂದೆಗೆ ಒಂಬತ್ತನೇ ಸಾಲಿನ ನಡುವಿನ ಸೀಟು, ತಾಯಿಗೆ ಇಪ್ಪತ್ತನಾಲ್ಕನೇ ಸಾಲಿನ ನಡುವಿನ ಸೀಟು. ಮಾತ್ರೆಯ ಚೀಲ ತಾಯಿಯ ಕೈಯಲ್ಲಿ, ಸಕ್ಕರೆ ಕಾಯಿಲೆ ತಂದೆಗೆ. ಘೋಷಣೆಯಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಮನೆಯೊಳಗೆ ತುಳು-ಕನ್ನಡದಲ್ಲೇ ಬಾಳಿದ ತಾಯಿಗೆ ಪಕ್ಕದಲ್ಲಿ ಅರ್ಥ ಹೇಳುವವರಿಲ್ಲ. ನಲ್ವತ್ತು ವರ್ಷ ಜತೆಯಾಗಿ ಸಂಸಾರ ಮಾಡಿದವರು ಹದಿನೈದು ಸಾಲುಗಳ ಅಂತರದಲ್ಲಿ ಕುಳಿತು, ಸೀಟಿನ ಮೇಲಿಂದ ಕುತ್ತಿಗೆ ಎತ್ತಿ ಒಬ್ಬರನ್ನೊಬ್ಬರು ಹುಡುಕುತ್ತಾ ಊರು ಸೇರುತ್ತಾರೆ.

ವಿಮಾನದಲ್ಲಿ ಒಳ್ಳೆಯ ಸೀಟು ಯಾವುದು ಎಂಬ ಪ್ರಶ್ನೆ ಶೋಕಿಯ ಪ್ರಶ್ನೆಯಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಕುಳಿತುಕೊಳ್ಳುವವರು ಯಾರು ಎನ್ನುವುದನ್ನು ನೋಡದೆ ಈ ಪ್ರಶ್ನೆಗೆ ಉತ್ತರವೂ ಇಲ್ಲ.

ಯಾವುದು, ಯಾರಿಗೆ?

ದೇಶದೊಳಗೆ ಹೆಚ್ಚಾಗಿ ಹಾರುವ ಏರ್‌ಬಸ್ 320 ಅಥವಾ ಬೋಯಿಂಗ್ 737 ವಿಮಾನಗಳಲ್ಲಿ ಒಂದೊಂದು ಬದಿಗೆ ಮೂರು ಸೀಟು. ಎ ಮತ್ತು ಎಫ್ ಕಿಟಕಿಯವು, ಸಿ ಮತ್ತು ಡಿ ನಡುದಾರಿಯ ಬದಿಯವು, ಬಿ ಮತ್ತು ಇ ನಡುವಿನವು. ಮಂಡಿನೋವಿನವರಿಗೆ, ಪದೇಪದೇ ಶೌಚಾಲಯಕ್ಕೆ ಹೋಗಬೇಕಾದವರಿಗೆ ನಡುದಾರಿಯ ಸೀಟಿಗಿಂತ ಒಳ್ಳೆಯದು ಬೇರೆ ಇಲ್ಲ. ಪಕ್ಕದವರನ್ನು ಎಬ್ಬಿಸುವ ಸಂಕೋಚಕ್ಕೆ ನೀರೇ ಕುಡಿಯದೆ ಕೂರುವ ಹಿರಿಯರು ಎಷ್ಟೋ ಮಂದಿ. ಗಂಡ ಹೆಂಡತಿ ಇಬ್ಬರಿಗೂ ಕಾಲುನೋವಿದ್ದರೆ ಒಂದೇ ಸಾಲಿನ ಸಿ ಮತ್ತು ಡಿ ತೆಗೆಯಬಹುದು. ನಡುವೆ ದಾರಿಯೊಂದೇ ಅಡ್ಡ, ಕೈ ಚಾಚಿದರೆ ಮಾತ್ರೆಯ ಚೀಲ ಸಿಗುತ್ತದೆ.

ಮೊದಲ ಸಾಲಿಗೆ ಹೆಚ್ಚು ದರ. ಕಾಲಿಗೆ ಜಾಗವೇನೋ ಇರುತ್ತದೆ. ಆದರೆ ಎದುರು ಗೋಡೆ ಇರುವುದರಿಂದ ಕೈಚೀಲವನ್ನು ಮೇಲಿನ ಪೆಟ್ಟಿಗೆಯಲ್ಲಿಡಬೇಕು. ವಿಮಾನ ಏರಿ ಬೆಲ್ಟಿನ ದೀಪ ಆರುವವರೆಗೆ ಮಾತ್ರೆ ಬೇಕೆಂದರೂ ಕೈಗೆ ಸಿಗದು. ತುರ್ತು ಬಾಗಿಲಿನ ಸಾಲಿನಲ್ಲೂ ಕಾಲು ಚಾಚಬಹುದು. ಆದರೆ ಅಲ್ಲಿ ಕುಳಿತವರು ಅಗತ್ಯ ಬಿದ್ದಾಗ ಬಾಗಿಲು ತೆರೆಯಲು ಶಕ್ತರಿರಬೇಕು. ವೃದ್ಧರು, ಗರ್ಭಿಣಿಯರು, ಮಕ್ಕಳಿಗೆ ಆ ಸಾಲು ಕೊಡುವುದಿಲ್ಲ. ಅಪ್ಪನಿಗೆ ಆರಾಮವಾಗಲೆಂದು ಹೆಚ್ಚು ಹಣ ತೆತ್ತು ಅದನ್ನೇ ಹಿಡಿದರೆ, ವಿಮಾನದೊಳಗೆ ಎಬ್ಬಿಸಿ ಬೇರೆಡೆ ಕೂರಿಸುತ್ತಾರೆ. ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ಬೆನ್ನು ಹಿಂದಕ್ಕೆ ಬಾಗದು, ಶೌಚಾಲಯದ ಸಾಲು ಹೆಗಲ ಮೇಲೆಯೇ ನಿಲ್ಲುತ್ತದೆ.

ಕುಲುಕಾಟಕ್ಕೆ ಹೆದರುವವರಿಗೆ ರೆಕ್ಕೆಯ ಹತ್ತಿರದ ಸಾಲುಗಳು ವಾಸಿ. ವಿಮಾನದ ತೂಕದ ನಡುಬಿಂದು ಅಲ್ಲಿಯೇ ಇರುವುದರಿಂದ ಏರಿಳಿತ ಅಲ್ಲಿ ಕಡಿಮೆ, ಬಾಲದ ಕಡೆಗೆ ಹೆಚ್ಚು. ಶಿರಾಡಿ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಣ್ಣ ನಿಲ್ದಾಣಗಳಿಗೆ ಹಾರುವ ಎಟಿಆರ್ 72 ವಿಮಾನದಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಅದರಲ್ಲಿ ಬದಿಗೆ ಎರಡೇ ಸೀಟು, ಪ್ರಯಾಣಿಕರು ಹತ್ತಿ ಇಳಿಯುವುದು ಹಿಂದಿನ ಬಾಗಿಲಿನಿಂದ. ಬೇಗ ಇಳಿಯಲೆಂದು ಮುಂದಿನ ಸೀಟು ಹಿಡಿದವರು ಎಲ್ಲರಿಗಿಂತ ಕೊನೆಗೆ ಇಳಿಯುತ್ತಾರೆ.

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ, ಮಗನ ಮನೆಗೆಂದು ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ಹಿರಿಯರ ಮಟ್ಟಿಗೆ ಇದು ಆರೋಗ್ಯದ ವಿಷಯವೂ ಹೌದು. ನಾಲ್ಕು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಪ್ರಯಾಣಿಸಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತ್ತು. ಹಾಗೆಂದು ಅದು ಎಲ್ಲರನ್ನೂ ಕಾಡುವುದಲ್ಲ, ಅದೇ ವರದಿಯ ಪ್ರಕಾರ ಸುಮಾರು 6000 ಮಂದಿಗೆ ಒಬ್ಬರು. ಆದರೂ ಯಾರನ್ನೂ ಕೇಳದೆ ಎದ್ದು ನಾಲ್ಕು ಹೆಜ್ಜೆ ಹಾಕುವ ಸ್ವಾತಂತ್ರ್ಯ ಅಂಥ ದೀರ್ಘ ಪ್ರಯಾಣದಲ್ಲಿ ನಡುದಾರಿಯ ಸೀಟಿನವರಿಗೆ ಮಾತ್ರ ಇರುತ್ತದೆ.

ಕಿಟಕಿಯ ಆಸೆ

ಹಾಗಾದರೆ ಕಿಟಕಿ ಬೇಡವೇ? ಬೇಕು, ಬೇಕಾದವರಿಗೆ. ಮುಂಬಯಿಯಿಂದ ದಕ್ಷಿಣಕ್ಕೆ ಮಂಗಳೂರಿಗೆ ಹೋಗುವಾಗ ಎಡಗಡೆಯ ಎ ಸೀಟಿಗೆ ಸಹ್ಯಾದ್ರಿ, ಬಲಗಡೆಯ ಎಫ್ ಸೀಟಿಗೆ ಅರಬೀ ಸಮುದ್ರ. ಮರಳುವಾಗ ಅದಲುಬದಲು. ಬೆಳಗಿನ ಬಿಸಿಲು ಹೋಗುವಾಗ ಎಡಕ್ಕೆ ಹೊಡೆಯುತ್ತದೆ, ಸಂಜೆಯ ಬಿಸಿಲು ಬಲಕ್ಕೆ. ರೆಕ್ಕೆಯ ಮೇಲಿನ ಸಾಲುಗಳಲ್ಲಿ ಕುಳಿತರೆ ಕಾಣುವುದು ರೆಕ್ಕೆ ಮಾತ್ರ. ಮಳೆಗಾಲದಲ್ಲಿ ಯಾವ ಕಡೆ ಕುಳಿತರೂ ಮೋಡವೇ.

ಹದಿನಾರರ ಹರೆಯದಲ್ಲಿ ಹೊಟೇಲು ಕೆಲಸಕ್ಕೆಂದು ಊರು ಬಿಟ್ಟು ಬಂದವರು, ಎಪ್ಪತ್ತರ ಹೊಸ್ತಿಲಲ್ಲಿ ಮೊದಲ ಬಾರಿ ವಿಮಾನವೇರಿ ಬಜಪೆಯಲ್ಲಿ ಇಳಿಯುವ ಮುನ್ನ ಕೆಳಗೆ ತೆಂಗಿನ ತೋಟವನ್ನೂ ಹೊಳೆಯ ತಿರುವನ್ನೂ ನೋಡಬೇಕೆಂದು ಬಯಸಿದರೆ, ಆ ಹೊತ್ತಿಗೆ ಕಿಟಕಿಯೇ ಅವರ ಒಳ್ಳೆಯ ಸೀಟು. ಆಗ ನಡುವಿನ ಸೀಟಿನಲ್ಲಿ ಮಗ ಕೂರಬೇಕು. ವಾರಕ್ಕೊಮ್ಮೆ ಹಾರುವ ಮಗನೇ ಕಿಟಕಿಗೆ ಒರಗಿ ನಿದ್ದೆ ಹೊಡೆದರೆ ಅಲ್ಲಿ ಸೀಟು ಹಾಳಾಯಿತು ಎಂದೇ ಅರ್ಥ. ಯಾವ ಸೀಟು ಬೇಕೆಂದು ಅಪ್ಪ ಅಮ್ಮನನ್ನು ಒಂದು ಮಾತು ಕೇಳುವುದಕ್ಕೆ ಶುಲ್ಕವಿಲ್ಲ.

ಸುರಕ್ಷಿತ ಸೀಟೆಂಬ ಭ್ರಮೆ

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಪತನಗೊಂಡಾಗ ಒಳಗಿದ್ದ 242 ಮಂದಿಯಲ್ಲಿ ಬದುಕುಳಿದವರು ಒಬ್ಬರೇ. ಅವರು ಕುಳಿತದ್ದು ತುರ್ತು ಬಾಗಿಲಿನ ಬಳಿಯ 11ಎ ಸೀಟಿನಲ್ಲಿ. ಆ ಬಳಿಕ 11ಎ ಸೀಟನ್ನೇ ಕೇಳಿ ಪಡೆಯುವವರು ಹುಟ್ಟಿಕೊಂಡರು. ಆ ಬೋಯಿಂಗ್ 787ರಲ್ಲಿ ಬಾಗಿಲ ಬಳಿಯಿದ್ದ ಸಂಖ್ಯೆ ಬೇರೆ ವಿಮಾನದಲ್ಲಿ ಬೇರೆಲ್ಲೋ ಇರುತ್ತದೆ ಎಂಬುದು ಅವರಿಗೆ ಹೊಳೆಯದು. ಕೆಲವು ಬೋಯಿಂಗ್ 737 ವಿಮಾನಗಳಲ್ಲಂತೂ ಹವಾನಿಯಂತ್ರಣದ ಕೊಳವೆ ಹಾಯುವ ಕಾರಣ 11ಎ ಸೀಟಿಗೆ ಕಿಟಕಿಯೇ ಇಲ್ಲ.

ಕರಾವಳಿಯವರಿಗೆ ಈ ಮಾತು ಹೊಸದಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗುರುಳಿ 158 ಮಂದಿ ಅಸುನೀಗಿದರು. ಬದುಕಿದವರು 8 ಮಂದಿ. ಆ ದಿನ ಸೀಟಿನ ನಂಬರು ನೋಡಿ ಯಾರ ಹಣೆಬರಹವನ್ನೂ ಹೇಳುವಂತಿರಲಿಲ್ಲ.

ಅಮೆರಿಕದ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆ 1971ರ ನಂತರದ 20 ಅಪಘಾತಗಳ ದಾಖಲೆ ತೆಗೆದು 2007ರಲ್ಲಿ ಒಂದು ಲೆಕ್ಕ ಹಾಕಿತ್ತು. ವಿಮಾನದ ಹಿಂಭಾಗದಲ್ಲಿದ್ದವರಲ್ಲಿ ಶೇ. 69 ಮಂದಿ, ತೀರಾ ಮುಂದಿದ್ದವರಲ್ಲಿ ಶೇ. 49 ಮಂದಿ ಬದುಕಿದ್ದರು. ಹೆಚ್ಚು ದರದ ಸೀಟೇ ಸುರಕ್ಷಿತ ಎಂದು ತಿಳಿದವರು ಇದನ್ನು ನೆನಪಿಡಬಹುದು. ಹಾಗೆಂದು ಹಿಂದೆ ಕುಳಿತರೆ ಗಂಡಾಂತರವಿಲ್ಲ ಎಂದೂ ಅಲ್ಲ. ಒಂದೊಂದು ಅಪಘಾತ ಒಂದೊಂದು ಬಗೆ.

ಸೀಟಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಬೇರೆಯದೇ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಉರಿಯಿತು. ಪ್ರಯಾಣಿಕ ವಿಮಾನದಲ್ಲಿದ್ದ 379 ಮಂದಿಯೂ ಜೀವಂತವಾಗಿ ಹೊರಬಂದರು. ಸಿಬ್ಬಂದಿಯ ಮಾತು ಕೇಳಿದರು, ಚೀಲಗಳನ್ನು ಅಲ್ಲೇ ಬಿಟ್ಟು ಇಳಿದರು. ಎಲ್ಲಿ ಕುಳಿತರೂ ಹತ್ತಿರದ ಬಾಗಿಲು ಎಷ್ಟನೇ ಸಾಲಿನಲ್ಲಿದೆ ಎಂದು ಎಣಿಸಿಟ್ಟುಕೊಳ್ಳುವುದು, ಕುಳಿತಷ್ಟು ಹೊತ್ತು ಬೆಲ್ಟು ಕಟ್ಟಿಕೊಂಡಿರುವುದು ಯಾವ ಸೀಟಿನವರಿಗೂ ಸಾಧ್ಯ. ಇಲ್ಲಿಯೂ ಮತ್ತದೇ ಪ್ರಶ್ನೆ ಏಳುತ್ತದೆ. ಘೋಷಣೆಯ ಭಾಷೆ ತಿಳಿಯದ ತಾಯಿಯ ಪಕ್ಕದಲ್ಲಿ ತಿಳಿದವರೊಬ್ಬರು ಇರಬೇಡವೇ?

ಲೋವರ್ ಬರ್ತಿಗೊಂದು ನ್ಯಾಯ

ರೈಲಿನಲ್ಲಿ ಹಿರಿಯ ನಾಗರಿಕರಿಗೂ 45 ದಾಟಿದ ಮಹಿಳೆಯರಿಗೂ ಲೋವರ್ ಬರ್ತಿನ ಕೋಟಾ ಇದೆ. ಮಂಡಿನೋವಿನವರು ಮೇಲೆ ಹತ್ತಲಾರರು ಎಂಬ ಸಾಮಾನ್ಯ ತಿಳಿವಳಿಕೆ ಅದರ ಹಿಂದಿದೆ, ಅದಕ್ಕೆ ಬೇರೆ ದರವಿಲ್ಲ. ವಿಮಾನದಲ್ಲಿ ಅದೇ ಮಂಡಿಗೆ ಬೇಕಾದ ಸೀಟು ಮಾರಾಟದ ಸರಕು. ಟಿಕೆಟು ಅಗ್ಗವಾಗಿರಲೆಂದೇ ಸೀಟಿನ ಶುಲ್ಕವನ್ನು ಬೇರ್ಪಡಿಸಿದ್ದೇವೆ, ಬೇಡದವರು ಕೊಡಬೇಕಾಗಿಲ್ಲ ಎನ್ನುವುದು ವಿಮಾನ ಕಂಪೆನಿಗಳ ವಾದ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಟಿಕೆಟು ಅಗ್ಗವಾದುದರಿಂದಲೇ ಹೊಟೇಲು ಕಾರ್ಮಿಕನೂ ತಾಯಿಯನ್ನು ವಿಮಾನದಲ್ಲಿ ಕರೆದೊಯ್ಯುವಂತಾಯಿತು. ಆದರೆ ಸಮುದ್ರ ನೋಡುವುದು ಆಯ್ಕೆಯಾದರೆ ಮಂಡಿನೋವು ಆಯ್ಕೆಯಲ್ಲ. ಎರಡಕ್ಕೂ ಒಂದೇ ದರಪಟ್ಟಿ ಸರಿಯಲ್ಲ.

ದಾರಿ ಇಲ್ಲವೆಂದಲ್ಲ. 12 ವರ್ಷದೊಳಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ ತಂದೆತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜತೆಗಾದರೂ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲಿನಲ್ಲಿ ಆದೇಶಿಸಿತು. ಮಗುವಿಗೆ ಅನ್ವಯಿಸಿದ ನ್ಯಾಯವನ್ನು ಜತೆಯವರಿಲ್ಲದೆ ದಿಕ್ಕು ತೋಚದ ವೃದ್ಧರಿಗೂ ವಿಸ್ತರಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಸಂಘಗಳು ಮಾಡಬಹುದಾದದ್ದು

ಮುಂಬಯಿ, ಪುಣೆಯಂಥ ನಗರಗಳ ಕನ್ನಡ ಸಂಘಗಳಲ್ಲಿ, ಜಾತಿ ಸಂಘಗಳಲ್ಲಿ ಹಿರಿಯ ನಾಗರಿಕರಿಗಾಗಿ ಆರೋಗ್ಯ ಶಿಬಿರ, ಸನ್ಮಾನ ನಡೆಯುತ್ತಲೇ ಇರುತ್ತವೆ. ಯುವ ವಿಭಾಗಗಳೂ ಇವೆ. ಊರಿಗೆ ಹೊರಡುವ ಹಿರಿಯರಿಗೆ ಟಿಕೆಟು ತೆಗೆಯುವಾಗ ಯುವ ವಿಭಾಗದವರು ಹತ್ತು ನಿಮಿಷ ಜತೆಗೆ ಕುಳಿತರೆ ಅದು ಶಾಲು ಹೊದಿಸಿದ್ದಕ್ಕಿಂತ ದೊಡ್ಡ ಸನ್ಮಾನ. ಒಂದೇ ಕುಟುಂಬದವರನ್ನು ಒಂದೇ ಪಿಎನ್‌ಆರ್‌ನಲ್ಲಿ ಸೇರಿಸುವುದು, ಗಾಲಿಕುರ್ಚಿ ಬೇಕಿದ್ದರೆ ಮುಂಚಿತವಾಗಿ ತಿಳಿಸುವುದು, ವೆಬ್ ಚೆಕ್-ಇನ್ ತೆರೆದ ಕೂಡಲೇ ಸೀಟು ನೋಡುವುದು, ಬೇರೆಬೇರೆ ಬಿದ್ದಿದ್ದರೆ ನಿಲ್ದಾಣದ ಕೌಂಟರಿನಲ್ಲಿ ಏನು ಕೇಳಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಡುವುದು, ಇಷ್ಟೇ ಕೆಲಸ. ಹತ್ತಾರು ಸಂಘಗಳು ಸೇರಿ ವಿಮಾನಯಾನ ಸಚಿವಾಲಯಕ್ಕೆ ಒಂದು ಮನವಿ ಸಲ್ಲಿಸಿದರೆ ಅದಕ್ಕೆ ತೂಕವೂ ಇರುತ್ತದೆ.

ವಿಮಾನದೊಳಗೂ ಒಂದಿಷ್ಟು ಸೌಜನ್ಯ ಬೇಕು. ಹಣ ಕೊಟ್ಟು ಪಡೆದ ಸೀಟನ್ನು ಬಿಟ್ಟುಕೊಡಿ ಎಂದು ಯಾರನ್ನೂ ಒತ್ತಾಯಿಸುವಂತಿಲ್ಲ. ನಡುವಿನ ಸೀಟು ತೋರಿಸಿ ನಡುದಾರಿಯ ಸೀಟು ಕೇಳುವುದು ನ್ಯಾಯವೂ ಅಲ್ಲ. ಆದರೆ ಆರೋಗ್ಯವಂತ ತರುಣರು ತಾವಾಗಿಯೇ ಎದ್ದರೆ ಕಳೆದುಕೊಳ್ಳುವುದು ಏನು? ಒಂದೂವರೆ ಗಂಟೆ ಮಾತ್ರ.

ಸಂಘದ ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನ ಸೋಫಾಗಳ ಮೇಲೆ ಗಣ್ಯರೆಂಬ ಚೀಟಿ ಅಂಟಿಸಿ, ಸಂಘ ಕಟ್ಟಿದ ಹಿರಿಯರನ್ನು ಕಂಬದ ಹಿಂದಿನ ಪ್ಲಾಸ್ಟಿಕ್ ಕುರ್ಚಿಗೆ ಕಳುಹಿಸುವ ಪರಿಪಾಠ ಇನ್ನೂ ಹೋಗಿಲ್ಲ. ವಿಮಾನ ಕಂಪೆನಿಗಳಿಗೆ ಮನವಿ ಬರೆಯುವ ಮುನ್ನ ಪದಾಧಿಕಾರಿಗಳು ಆ ಚೀಟಿಗಳನ್ನು ಕಿತ್ತು ಹಾಕಿದರೆ ಮನವಿಗೆ ಬಲ ಬರುತ್ತದೆ. ಸಭಾಭವನದಲ್ಲಾಗಲಿ ವಿಮಾನದಲ್ಲಾಗಲಿ, ಕೂರುವವರ ಅಗತ್ಯ ನೋಡಿ ಕೊಟ್ಟ ಸೀಟೇ ಒಳ್ಳೆಯ ಸೀಟು. ಮುಂದಿನ ಸಲ ಊರಿನ ಟಿಕೆಟು ತೆಗೆಯುವ ಮಕ್ಕಳು ಆ ಬಣ್ಣದ ಚೌಕಗಳ ಪುಟದಲ್ಲಿ ಒಂದು ನಿಮಿಷ ನಿಲ್ಲಲಿ. ಹದಿನೈದು ಸಾಲುಗಳ ಅಂತರ ಆ ಒಂದು ನಿಮಿಷದಲ್ಲಿ ಇಲ್ಲವಾಗಬಹುದು.